ಎರಡನೆಯ ಪ್ರತಿ: ಕಾವೇರಿ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ದಾಖಲೆ ಉಳಿದ ಬಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ದೊರೆಯುವ ಆಧಾರಗಳಲ್ಲಿ ಬಹಳಷ್ಟು ಪ್ರತಿಯ ರೂಪದಲ್ಲಿ ಉಳಿದುಬಂದವು. ಕಲ್ಲಿನ ಮೇಲಿನ ಬರಹ ಸವೆದಿದ್ದರೂ ಅದರ ಪಾಠ ಅಚ್ಚಾದ ಸಂಪುಟದಲ್ಲಿ ಉಳಿದಿರುತ್ತದೆ; ಅರಮನೆಯಿಂದ ಹೊರಟ ಪತ್ರ ತಲುಪಿದ ಊರಿನಲ್ಲಿ ಕಳೆದುಹೋಗಿದ್ದರೂ ಅದರ ನಕಲು ಕಚೇರಿಯ ದಫ್ತರದಲ್ಲಿ ಉಳಿದಿರುತ್ತದೆ. ಒಂದೇ ಕಡೆ, ಒಂದೇ ರೂಪದಲ್ಲಿ ಇದ್ದ ದಾಖಲೆಗಳು ಯುದ್ಧ, ನೀರು, ಗೆದ್ದಲು, ಅಲಕ್ಷ್ಯ ಇವುಗಳಲ್ಲಿ ಯಾವುದಾದರೊಂದಕ್ಕೆ ತುತ್ತಾದವು. ಇಂದು ಇದೇ ತಾಲ್ಲೂಕುಗಳ ಮನೆಮನೆಯಲ್ಲಿ ಮದುವೆಯ ಚಿತ್ರ, ಹಿರಿಯರ ಧ್ವನಿ, ಜಮೀನಿನ ಪಹಣಿಯ ಚಿತ್ರ, ಹಣಕಾಸಿನ ಲೆಕ್ಕ ಎಲ್ಲವೂ ಒಂದು ಮೊಬೈಲ್ ಫೋನಿನಲ್ಲಿ ಸೇರಿಕೊಂಡಿವೆ. ಆ ಫೋನು ಒಂದು ದಿನ ಗುಂಡಿ ಒತ್ತಿದರೂ ಚಾರ್ಜರ್ ಹಾಕಿದರೂ ಮಿಸುಕದೆ ಹೋದಾಗ ಒಳಗಿರುವುದು ಸಿಗುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಹೊಸದಾಗಿ ತೋರಿದರೂ ಈ ಸೀಮೆಯಲ್ಲಿ ಅದಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ಹಿನ್ನೆಲೆಯಿದ್ದು, ಕೆಟ್ಟುಹೋದದ್ದನ್ನು ಸರಿಪಡಿಸುವ ಕುಶಲತೆಗಿಂತ ಕೆಡುವುದಕ್ಕೆ ಮುಂಚೆ ಮಾಡಿಟ್ಟ ಎರಡನೆಯ ಪ್ರತಿಯೇ ಉಳಿವನ್ನು ನಿರ್ಧರಿಸುತ್ತದೆ ಎಂಬುದನ್ನು ಆ ಹಿನ್ನೆಲೆ ಮತ್ತೆ ಮತ್ತೆ ತೋರಿಸಿಕೊಡುತ್ತದೆ.

ತಾಮ್ರ ಮತ್ತು ಕಲ್ಲು

ಈ ಸೀಮೆಯ ಹಳೆಯ ದಾಖಲೆಗಳಲ್ಲಿ ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನಕ್ಕೆ ವಿಶೇಷ ಸ್ಥಾನವಿದೆ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ 50ನೆಯ ವರ್ಷ, ಶಕ 698, ಅಂದರೆ ಕ್ರಿ.ಶ. 776ರ ಈ ಶಾಸನವು ಶ್ರೀಪುರದ ಬಳಿ ಕುಂದಾಚ್ಚಿ ಎಂಬ ಸ್ತ್ರೀ ಕಟ್ಟಿಸಿದ ಲೋಕತಿಲಕ ಎಂಬ ಜಿನಾಲಯಕ್ಕೆ ಕೊಟ್ಟ ಗ್ರಾಮದಾನವನ್ನು ದಾಖಲಿಸುತ್ತದೆ. ತಾಮ್ರಶಾಸನವೆಂದರೆ ಅಕ್ಷರ ಕೊರೆದ ತಾಮ್ರದ ತಗಡುಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಕೂಡಿಗೆಗೆ ರಾಜಮುದ್ರೆಯನ್ನು ಒತ್ತಿ ದಾನ ಪಡೆದವರ ವಶಕ್ಕೆ ಕೊಡುತ್ತಿದ್ದ ಹಕ್ಕುಪತ್ರ. ಅದನ್ನು ಕೈಯಲ್ಲಿ ಒಯ್ಯಬಹುದಾಗಿತ್ತು, ನೆಲದಲ್ಲಿ ಹೂತಿಡಬಹುದಾಗಿತ್ತು, ಊರು ಬಿಡಬೇಕಾದಾಗ ಕಟ್ಟಿಕೊಂಡು ಹೋಗಬಹುದಾಗಿತ್ತು. ಆದರೆ ಕದ್ದು ಕರಗಿಸಿದರೆ ಅಥವಾ ಹೂತಿಟ್ಟವರು ಜಾಗ ಹೇಳದೆ ತೀರಿಕೊಂಡರೆ ಹಕ್ಕಿನ ಆಧಾರವೇ ಇಲ್ಲವಾಗುತ್ತಿತ್ತು. ಗಂಗರ ತಾಮ್ರಶಾಸನಗಳಲ್ಲಿ ಹಲವು ನಂತರದ ಕಾಲದ ಕೃತಕ ರಚನೆಗಳೆಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದ್ದೂ, ಮೈಸೂರು ಸೀಮೆಯ ಶಾಸನಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರೊಂದಿಗೆ ಆ ಕುರಿತು ದೀರ್ಘ ಚರ್ಚೆ ನಡೆದದ್ದೂ ಒಂಟಿ ಪ್ರತಿಯ ಇನ್ನೊಂದು ತೊಡಕನ್ನು ಬೆಳಕಿಗೆ ತಂದವು. ಹೋಲಿಸಿ ನೋಡಲು ಮತ್ತೊಂದು ಪ್ರತಿ ಇಲ್ಲದ ದಾಖಲೆಯ ಸಾಚಾತನವನ್ನು ಲಿಪಿ, ಭಾಷೆ, ತಿಥಿವಾರಗಳ ಹೊಂದಿಕೆ ಮುಂತಾದ ಒಳಗಿನ ಸಾಕ್ಷ್ಯಗಳಿಂದಲೇ ಸಾಧಿಸಬೇಕಾಗುತ್ತದೆ.

ಕಲ್ಲಿನ ಶಾಸನದ ಗುಣ ಇದಕ್ಕೆ ಭಿನ್ನ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಬಮ್ಮವ್ವೆ ನಾಯಕಿತಿ 1171ರಲ್ಲಿ ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯದ ಬರಹದಂಥವು ಊರ ನಡುವೆ, ಎಲ್ಲರ ಕಣ್ಣೆದುರು ನಿಂತವು. ಅವನ್ನು ಒಯ್ಯಲಾಗದು, ಬಚ್ಚಿಡಲಾಗದು. ಆದ್ದರಿಂದ ಊರಿನ ಜನರೇ ಅವಕ್ಕೆ ಸಾಕ್ಷಿಗಳಾದರು. ಆದರೂ ಮಳೆಬಿಸಿಲಿಗೆ ಅಕ್ಷರ ಮಾಸುವುದು, ಕಲ್ಲನ್ನು ಸೋಪಾನಕ್ಕೋ ಬಟ್ಟೆ ಒಗೆಯುವುದಕ್ಕೋ ಬಳಸುವುದು, ಮೇಲೆ ಸುಣ್ಣ ಬಳಿದು ಬರಹ ಮುಚ್ಚಿಹೋಗುವುದು ತಪ್ಪಲಿಲ್ಲ. ತಾಮ್ರಕ್ಕೆ ಸಾಗಿಸುವ ಅನುಕೂಲವಿದ್ದು ಸಾರ್ವಜನಿಕತೆ ಇರಲಿಲ್ಲ. ಕಲ್ಲಿಗೆ ಸಾರ್ವಜನಿಕತೆಯಿದ್ದು ಚಲನೆ ಇರಲಿಲ್ಲ. ತಾಮ್ರದಲ್ಲಿದ್ದುದನ್ನು ಕಲ್ಲಿಗೂ ಏರಿಸಿದ ಶಾಸನಗಳು ಕರ್ನಾಟಕದಲ್ಲಿ ಅಲ್ಲಲ್ಲಿ ಸಿಗುವುದಕ್ಕೆ ಈ ಎರಡು ಮಾಧ್ಯಮಗಳ ಕೊರತೆಗಳ ಅರಿವು ಕಾರಣವಾಗಿರಬೇಕು.

ಪ್ರತಿಗಳನ್ನು ಬುದ್ಧಿಪೂರ್ವಕವಾಗಿ ಹಲವು ಕಡೆ ಇರಿಸಿದ ನಡೆಗೆ ವಿಜಯನಗರದ ದೊರೆ ಬುಕ್ಕರಾಯನ 1368ರ ಶಾಸನ ಸ್ಪಷ್ಟ ನಿದರ್ಶನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ತೀರ್ಮಾನಿಸಿದ ಆ ಶಾಸನದಲ್ಲಿ ಶ್ರೀವೈಷ್ಣವ ಪಕ್ಷದ ಪ್ರಮುಖ ಕ್ಷೇತ್ರಗಳಲ್ಲಿ ಒಂದಾಗಿ ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ, ಅಂದರೆ ತಿರುನಾರಾಯಣಪುರ, ಹೆಸರಿಸಲ್ಪಟ್ಟಿದೆ. ತೀರ್ಮಾನದ ಬರಹವನ್ನು ರಾಜ್ಯದ ಬಸದಿಗಳಲ್ಲಿ ನೆಡಿಸಬೇಕೆಂದು ಅದರಲ್ಲೇ ವಿಧಿಸಲಾಯಿತು. ಇಂದು ಅದರ ಪಾಠ ಶ್ರವಣಬೆಳಗೊಳದಲ್ಲಿಯೂ ದೂರದ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆಯುತ್ತದೆ. ನೆಟ್ಟ ಕಲ್ಲುಗಳೆಲ್ಲ ಉಳಿದಿಲ್ಲ. ಎರಡು ಉಳಿದದ್ದರಿಂದ ಒಂದರ ಓದನ್ನು ಇನ್ನೊಂದರಿಂದ ತಾಳೆ ನೋಡಲು ಸಾಧ್ಯವಾಗಿದೆ. ಒಂದೂರಿನ ಬಲಿಷ್ಠರು ಕಲ್ಲನ್ನು ಒಡೆದರೂ ತೀರ್ಪು ಅಳಿಯದಿರಲಿ ಎಂಬ ಕಾಳಜಿಯನ್ನು ಆ ವಿಧಿಯಲ್ಲಿ ಕಾಣಬಹುದು.

ಕಡತ ಮತ್ತು ಶಾನುಭೋಗರು

ದಾನ ಮತ್ತು ತೀರ್ಪುಗಳು ಕಲ್ಲುತಾಮ್ರಗಳಿಗೆ ಏರಿದರೆ, ದಿನದಿನದ ಲೆಕ್ಕ ಕಡತದಲ್ಲಿ ಉಳಿಯುತ್ತಿತ್ತು. 1803ರಿಂದ 1808ರವರೆಗೆ ಮೈಸೂರಿನ ರೆಸಿಡೆಂಟರಾಗಿದ್ದು, 1810ರಿಂದ ಪ್ರಕಟವಾದ ತಮ್ಮ ದಕ್ಷಿಣ ಭಾರತದ ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಕಡತವನ್ನು ಮಾಡುವ ಬಗೆಯನ್ನು ವಿವರವಾಗಿ ಬಣ್ಣಿಸಿದ್ದಾರೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿಗೆ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿದು ಒಣಗಿಸುತ್ತಿದ್ದರು. ಈ ಅಂಟು ಸಾಮಾನ್ಯವಾಗಿ ಹುಣಿಸೆಬೀಜದ್ದು. ಒಣಗಿ ಕಪ್ಪಾದ ಪಟ್ಟಿಯನ್ನು ಕತ್ತರಿಸದೆ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಮಡಿಸುತ್ತ ಹೋದರೆ ಹಾಳೆಗಳ ಕಟ್ಟಿನಂತಾಗುತ್ತಿತ್ತು. ಎರಡು ತುದಿಗೂ ತೆಳುವಾದ ಮರದ ಹಲಗೆ ಅಂಟಿಸಿದರೆ ರಟ್ಟು ಸಿದ್ಧವಾಗುತ್ತಿತ್ತು. ಬರೆಯಲು ಬಳಪವೆಂಬ ಮೆದುಗಲ್ಲಿನ ಕಡ್ಡಿ ಸಾಕಾಗುತ್ತಿದ್ದು, ಕಪ್ಪು ಬಟ್ಟೆಯ ಮೇಲೆ ಬಿಳಿಯ ಅಕ್ಷರ ಮೂಡುತ್ತಿತ್ತು. ಬರೆದದ್ದನ್ನು ಅಳಿಸಿ ಮತ್ತೆ ಬರೆಯಲು ಬರುತ್ತಿದ್ದರೂ, ಜೋಪಾನ ಮಾಡಿಟ್ಟ ಕಡತ ಬಹುಕಾಲ ಬಾಳುತ್ತಿತ್ತು. ವ್ಯಾಪಾರಿಗಳ ಲೆಕ್ಕ, ಮಠಮಾನ್ಯಗಳ ಆಯವ್ಯಯ, ಗ್ರಾಮದ ಕಂದಾಯ ಎಲ್ಲವೂ ಇದರಲ್ಲಿ ಸೇರುತ್ತಿದ್ದವು.

ಕಡತದ ಬಲವೂ ದೌರ್ಬಲ್ಯವೂ ಅದರ ಈ ಎರಡು ಗುಣಗಳಲ್ಲೇ ಇದ್ದವು. ತಿದ್ದಲು ಸುಲಭವಾದ ಬರಹವನ್ನು ಅಳಿಸುವುದೂ ಸುಲಭ. ಆದ್ದರಿಂದ ಅದನ್ನು ಇಟ್ಟುಕೊಂಡವರ ಪ್ರಾಮಾಣಿಕತೆಯ ಮೇಲೆ ಎಲ್ಲವೂ ನಿಂತಿತ್ತು. ಗ್ರಾಮದ ಲೆಕ್ಕ ಬರೆಯುವ ಶಾನುಭೋಗಿಕೆ ವಂಶಪಾರಂಪರ್ಯದ ಹುದ್ದೆಯಾಗಿದ್ದು, ಊರಿನ ಜಮೀನಿನ ಚರಿತ್ರೆ ಶಾನುಭೋಗರ ಮನೆಯ ಅಟ್ಟದ ಮೇಲೆ ಅಥವಾ ಪೆಟ್ಟಿಗೆಯೊಳಗೆ ಇರುತ್ತಿತ್ತು. ಆ ಮನೆಗೆ ಬೆಂಕಿ ಬಿದ್ದರೆ, ಅಣ್ಣತಮ್ಮಂದಿರ ಪಾಲಿನಲ್ಲಿ ಕಡತಗಳು ಚೆದುರಿದರೆ ಊರಿನ ನೆನಪೇ ತುಂಡಾಗುತ್ತಿತ್ತು. ತಾಳೆಗರಿಯ ಗ್ರಂಥಗಳದ್ದೂ ಇದೇ ಪಾಡು. ಗರಿಗೆ ಹುಳು ಹಿಡಿಯದಂತೆ ಎಣ್ಣೆ ಸವರಿ, ಕಂಠದಿಂದ ಕೊರೆದ ಗೆರೆಗಳಿಗೆ ಮಸಿ ತುಂಬಿ ಕಾಪಾಡಿದರೂ ಕೆಲವು ತಲೆಮಾರಿಗೊಮ್ಮೆ ಹೊಸ ಗರಿಗೆ ನಕಲು ಮಾಡಲೇಬೇಕಾಗಿತ್ತು. ಮೇಲುಕೋಟೆಯ ವಿದ್ವಾಂಸರ ಮನೆತನಗಳಲ್ಲಿ ಉಳಿದುಬಂದ ಗ್ರಂಥಗಳು ಹೀಗೆ ಮರುನಕಲಿನ ಸರಪಳಿಯಿಂದಲೇ ನಮ್ಮ ಕಾಲವನ್ನು ಮುಟ್ಟಿವೆ. ಅಲ್ಲಿನ ಸಂಸ್ಕೃತ ಸಂಶೋಧನ ಸಂಸತ್ತು ಹಸ್ತಪ್ರತಿಗಳ ಸಂಗ್ರಹವನ್ನೂ ಸಂರಕ್ಷಣೆಯನ್ನೂ ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ನಡೆಸಿಕೊಂಡು ಬಂದಿದೆ.

1799: ಒಂದೇ ಕೋಟೆಯೊಳಗಿನ ಭಂಡಾರ

ಎಲ್ಲ ದಾಖಲೆಗಳನ್ನೂ ಒಂದೇ ಕಡೆ ಇಡುವುದರ ಅಪಾಯವನ್ನು ಶ್ರೀರಂಗಪಟ್ಟಣದಷ್ಟು ತೀವ್ರವಾಗಿ ಅನುಭವಿಸಿದ ಊರು ಈ ಸೀಮೆಯಲ್ಲಿ ಮತ್ತೊಂದಿಲ್ಲ. 1610ರಲ್ಲಿ ರಾಜ ಒಡೆಯರ ವಶಕ್ಕೆ ಬಂದಂದಿನಿಂದ ಈ ದ್ವೀಪದ ಕೋಟೆ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅಠಾರಾ ಕಚೇರಿ, ಅಂದರೆ ಆಡಳಿತದ 18 ಇಲಾಖೆಗಳು, ಇಲ್ಲಿಯೇ ನೆಲೆಗೊಂಡವು. ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಆಡಳಿತದ ಪತ್ರಗಳ ಜೊತೆಗೆ ಒಂದು ದೊಡ್ಡ ಗ್ರಂಥಭಂಡಾರವೂ ಕೋಟೆಯೊಳಗೆ ಬೆಳೆದಿತ್ತು. 1799ರ ಮೇ 4ರಂದು ಕೋಟೆ ಬ್ರಿಟಿಷರ ವಶವಾಗಿ ಟಿಪ್ಪು ಮಡಿದಾಗ, ಸುಲಿಗೆಯ ನಡುವೆ ಏನೇನು ಹಾಳಾಯಿತೆಂಬುದರ ಪೂರ್ಣ ಲೆಕ್ಕ ಹಾಕುವುದು ಯಾರಿಗೂ ಸಾಧ್ಯವಾಗಲಿಲ್ಲ. ಉಳಿದ ಸುಮಾರು 2,000 ಸಂಪುಟಗಳು ಊರು ಬಿಟ್ಟು ಹೋದವು. ಚಾರ್ಲ್ಸ್ ಸ್ಟುವರ್ಟ್ ಅವುಗಳ ವಿವರಣಾತ್ಮಕ ಸೂಚಿಯನ್ನು 1809ರಲ್ಲಿ ಕೇಂಬ್ರಿಡ್ಜಿನಿಂದ ಪ್ರಕಟಿಸಿದರು. ಗ್ರಂಥಗಳು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು, ಏಷಿಯಾಟಿಕ್ ಸೊಸೈಟಿ, ಲಂಡನ್, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜುಗಳಿಗೆ ಹಂಚಿಹೋದವು. ಶ್ರೀರಂಗಪಟ್ಟಣದಲ್ಲಿ ಓದಲು ಏನೂ ಉಳಿಯದಿದ್ದರೂ ಅಲ್ಲಿ ಏನಿತ್ತೆಂಬುದನ್ನು ತಿಳಿಯಲು ಆ ಸೂಚಿ ಇಂದಿಗೂ ಆಧಾರವಾಗಿದೆ.

ಈ ಭಂಡಾರದಿಂದ ಹೊರಬಂದ ಎರಡು ಬರಹಗಳ ಗತಿ ಪ್ರತಿಯ ಪ್ರಶ್ನೆಯನ್ನು ಹತ್ತಿರದಿಂದ ತೋರಿಸುತ್ತದೆ. ಮೊದಲನೆಯದು ಟಿಪ್ಪು ತನ್ನ ಕೈಬರಹದಲ್ಲಿ 37 ಕನಸುಗಳನ್ನು ಪರ್ಶಿಯನ್ ಭಾಷೆಯಲ್ಲಿ ಬರೆದಿಟ್ಟಿದ್ದ ಪುಸ್ತಕ. ಅದು ಅವನ ಅರಮನೆಯಲ್ಲಿ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವರಿಗೆ ಸಿಕ್ಕಿತು. 1800ರಲ್ಲಿ ಅಲೆಕ್ಸಾಂಡರ್ ಬೀಟ್ಸನ್ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಗೆ ಒಪ್ಪಿಸಿದರು. ಗುಟ್ಟಾಗಿರಲೆಂದು ಬರೆದ ಪುಸ್ತಕಕ್ಕೆ ನಕಲು ಇರುವ ಸಂಭವ ಕಡಿಮೆ; ದಾಳಿಯ ಗದ್ದಲದಲ್ಲಿ ಅದು ಉಳಿದದ್ದು ಕೇವಲ ಆಕಸ್ಮಿಕ. ಎರಡನೆಯದು ಅಧಿಕಾರಿಗಳಿಗೂ ಪರಸ್ಥಳದವರಿಗೂ ಟಿಪ್ಪು ಬರೆಸಿದ ಪತ್ರಗಳ ದಫ್ತರ. ಹೊರಗೆ ಹೋಗುವ ಪ್ರತಿಯೊಂದು ಪತ್ರದ ಒಕ್ಕಣೆಯನ್ನು ಕಚೇರಿಯ ಮುನ್ಷಿಗಳು ಪುಸ್ತಕದಲ್ಲಿ ನಕಲು ಮಾಡಿಡುವ ಪದ್ಧತಿಯಿತ್ತು. ಆ ಪುಸ್ತಕದಿಂದ ಆಯ್ದ, 1785ರಿಂದ ಆರಂಭವಾಗುವ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದರು. ಅನುವಾದಕರ ಟಿಪ್ಪಣಿಗಳಲ್ಲಿ ಗೆದ್ದವರ ಪಕ್ಷಪಾತ ಎದ್ದು ಕಾಣುವುದಾದರೂ, ರೇಷ್ಮೆ ಕೃಷಿಯಿಂದ ಸೈನ್ಯದ ಶಿಸ್ತಿನವರೆಗಿನ ಆಡಳಿತದ ಒಳನೋಟ ಇಂದು ದೊರೆಯುವುದು ಹೆಚ್ಚಾಗಿ ಆ ಕಚೇರಿಯ ನಕಲಿನಿಂದಲೇ. ಕನಸಿನ ಪುಸ್ತಕ ಅದೃಷ್ಟದಿಂದ ಉಳಿಯಿತು. ಪತ್ರಗಳು ಒಂದು ಪದ್ಧತಿಯಿಂದ ಉಳಿದವು. ಚರಿತ್ರೆಯನ್ನು ಅದೃಷ್ಟಕ್ಕೆ ಬಿಡಲಾಗದೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಕೋಟೆಯ ಮುತ್ತಿಗೆಯಲ್ಲಿ ಎಂಜಿನಿಯರಾಗಿ ಭಾಗವಹಿಸಿದ್ದ ಕಾಲಿನ್ ಮೆಕೆಂಜಿ ಮರುವರ್ಷವೇ ಮೈಸೂರು ಸೀಮೆಯ ಸರ್ವೇಕ್ಷಣೆಗೆ ತೊಡಗಿ, ಭೂಪಟದ ಜೊತೆಗೆ ಊರೂರಿನ ಕೈಫಿಯತ್ತುಗಳನ್ನೂ, ಅಂದರೆ ಸ್ಥಳೀಯರು ಬರೆದುಕೊಟ್ಟ ಊರಿನ ವೃತ್ತಾಂತಗಳನ್ನೂ, ಶಾಸನಗಳ ನಕಲುಗಳನ್ನೂ ಸಂಗ್ರಹಿಸಿದರು. ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮ ಲಕ್ಷ್ಮಯ್ಯನವರಂಥ ದೇಶೀಯ ವಿದ್ವಾಂಸರ ದುಡಿಮೆಯಿಲ್ಲದೆ ಆ ಸಂಗ್ರಹ ಸಾಧ್ಯವಾಗುತ್ತಿರಲಿಲ್ಲ. ಮದ್ರಾಸು ಮತ್ತು ಲಂಡನ್ನುಗಳಲ್ಲಿ ಹಂಚಿಹೋಗಿರುವ ಆ ಕೈಫಿಯತ್ತುಗಳು ಕನ್ನಡ ನಾಡಿನ ಚರಿತ್ರೆಗೆ ಊರಿನ ಹೊರಗೆ ಉಳಿದ ಎರಡನೆಯ ಪ್ರತಿಯಾದವು.

ಪಡಿಯಚ್ಚಿನ ಕಾಲ

ಶಾಸನಗಳನ್ನು ಕ್ರಮಬದ್ಧವಾಗಿ ಪ್ರತಿ ಮಾಡುವ ಕೆಲಸಕ್ಕೆ 19ನೆಯ ಶತಮಾನದ ಉತ್ತರಾರ್ಧ ನಾಂದಿ ಹಾಡಿತು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರ ತೆಗೆದರು. ಅವನ್ನು ಓದಲು ತೊಡಗಿದ ರೈಸ್ 1879ರಲ್ಲಿ ಶಾಸನಗಳ ಅನುವಾದಗಳ ಒಂದು ಸಂಪುಟವನ್ನು ಹೊರತಂದರು. ಮುಂದೆ ಅವರ ನೇತೃತ್ವದಲ್ಲಿ ಪುರಾತತ್ತ್ವ ಇಲಾಖೆ ರೂಪುಗೊಂಡು, 1886ರಿಂದ ಎಪಿಗ್ರಾಫಿಯ ಕರ್ನಾಟಿಕ ಎಂಬ ಸಂಪುಟಮಾಲೆ ಬೆಳಕು ಕಂಡಿತು. ಮಂಡ್ಯ ಜಿಲ್ಲೆ 1939ರಲ್ಲಷ್ಟೇ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟದ್ದರಿಂದ ಈ ತಾಲ್ಲೂಕುಗಳ ಶಾಸನಗಳು ಮೈಸೂರು ಜಿಲ್ಲೆಯ ಸಂಪುಟಗಳಲ್ಲೇ ಸೇರಿದವು: ಶ್ರೀರಂಗಪಟ್ಟಣದವು 1894ರ ಮೂರನೆಯ ಸಂಪುಟದಲ್ಲಿ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದವು 1898ರ ನಾಲ್ಕನೆಯ ಸಂಪುಟದಲ್ಲಿ. ಮಾಲೆಯ ಮೊದಲ 12 ಸಂಪುಟಗಳಲ್ಲಿ ಅಚ್ಚಾದ ಶಾಸನಗಳ ಸಂಖ್ಯೆ ಸುಮಾರು 9,000.

ಪಡಿಯಚ್ಚು, ಅಂದರೆ ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸಿದ ಅಚ್ಚು, ತೆಗೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಪ್ರತಿ ಮಾಡುವುದು ಎಷ್ಟು ತಾಳ್ಮೆಯ ಕಸುಬೆಂಬುದು ತಿಳಿಯುತ್ತದೆ. ಮೊದಲು ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆಜಿಡ್ಡುಗಳನ್ನು ನೀರು ಮತ್ತು ಬ್ರಷ್ಷಿನಿಂದ ತಿಕ್ಕಿ ತೆಗೆಯುತ್ತಾರೆ. ಅನಂತರ ನೆನೆಸಿದ ಕಾಗದವನ್ನು ಸುಕ್ಕಾಗದಂತೆ ಕಲ್ಲಿಗೆ ಹಚ್ಚಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತ ಹೋದರೆ ಕಾಗದ ಅಕ್ಷರದ ಕುಳಿಗಳೊಳಗೆ ಇಳಿಯುತ್ತದೆ. ಕಾಗದ ಅರೆಬರೆ ಒಣಗುವ ಹದದಲ್ಲಿ ಮಸಿ ಹೀರಿದ ಬಟ್ಟೆಯ ಗುಂಡಿಯಿಂದ ತಟ್ಟಿದಾಗ ಉಬ್ಬಿದ ಭಾಗಕ್ಕೆ ಮಾತ್ರ ಮಸಿ ಹತ್ತಿ, ಕುಳಿಯೊಳಗಿನ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಗಾಳಿ ಜೋರಾಗಿದ್ದರೆ ಕಾಗದ ಏಳುತ್ತದೆ, ಬಿಸಿಲು ಹೆಚ್ಚಿದರೆ ಬೇಗ ಒಣಗಿ ಹರಿಯುತ್ತದೆ. ಒಣಗಿಸಿ ಬಿಡಿಸಿದ ಹಾಳೆ ಕಲ್ಲಿನ ಅಳತೆಯದೇ ಆದ ಸಾಕ್ಷ್ಯವಾಗುತ್ತದೆ. ಓದಿನಲ್ಲಿ ಸಂದೇಹ ಬಂದಾಗ ಊರಿಗೆ ಮರಳಿ ಹೋಗದೆ ಹಾಳೆಯನ್ನೇ ಮತ್ತೆ ನೋಡಬಹುದು.

ಈ ದುಡಿಮೆಯ ಬೆಲೆ ಅರ್ಥವಾದದ್ದು ಮುಕ್ಕಾಲು ಶತಮಾನದ ನಂತರ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯನ್ನು ಕೈಗೊಂಡು, ಕೃಷ್ಣರಾಜಪೇಟೆ, ಪಾಂಡವಪುರ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳನ್ನು 1977ರ ಆರನೆಯ ಸಂಪುಟದಲ್ಲಿ, ನಾಗಮಂಗಲವನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳೊಂದಿಗೆ 1979ರ ಏಳನೆಯ ಸಂಪುಟದಲ್ಲಿ ಪ್ರಕಟಿಸಿತು. ಸಂಪಾದಕರು ಮತ್ತೆ ಊರೂರು ಸುತ್ತಿ ಹೊಸ ಶಾಸನಗಳನ್ನು ಸೇರಿಸಿದರು, ಹಳೆಯ ಓದುಗಳನ್ನು ತಿದ್ದಿದರು. ಮೂಲ ದೊರೆಯದ ಶಾಸನಗಳಿಗೆ ಹಳೆಯ ಸಂಪುಟದ ಪಾಠವನ್ನೇ ಉಳಿಸಿಕೊಂಡರು. ಅಂಥ ಶಾಸನಗಳ ಮಟ್ಟಿಗೆ ಪ್ರತಿಯೇ ಈಗ ಮೂಲ. ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಬೆಂಗಳೂರಿನ ಮಿಥಿಕ್ ಸೊಸೈಟಿಯ ಇತ್ತೀಚಿನ ಯೋಜನೆಯೂ ಈ ಪರಂಪರೆಯ ಮುಂದುವರಿಕೆಯೇ.

ನೀರಿನ ವಿಷಯದಲ್ಲಿಯೂ ಇದೇ ಅನುಭವ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಊರೂ ಅಲ್ಲಿನ ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿ, ಬರಗಾಲದ ವರ್ಷಗಳಲ್ಲಿ ಮಾತ್ರ ಗೋಪುರ ಕಾಣಿಸುತ್ತಿತ್ತು. ಮುಂದೆ ಅದನ್ನು ಖೋಡೇಸ್ ಪ್ರತಿಷ್ಠಾನ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ಬಳಿಗೆ ಸ್ಥಳಾಂತರಿಸಿದಾಗ, ಕಲ್ಲು ಕಳಚುವುದಕ್ಕೆ ಮೊದಲು ಸಾವಿರಾರು ಛಾಯಾಚಿತ್ರ ತೆಗೆದು ಒಂದೊಂದು ಕಲ್ಲಿಗೂ ಗುರುತು ಹಾಕಲಾಯಿತು. ಚಿತ್ರ ಮತ್ತು ಗುರುತುಗಳ ಆ ಪ್ರತಿ ಇಲ್ಲದಿದ್ದರೆ ಕಳಚಿದ ಕಲ್ಲುಗಳನ್ನು ಮತ್ತೆ ಗುಡಿಯಾಗಿ ಜೋಡಿಸುವುದು ಆಗುತ್ತಿರಲಿಲ್ಲ.

ಪಹಣಿಯಿಂದ ಫೋನಿಗೆ

ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಯಾದಾಗ ಶಾನುಭೋಗರ ವಂಶಪಾರಂಪರ್ಯ ಕೊನೆಗೊಂಡು, ಗ್ರಾಮಲೆಕ್ಕಿಗರು ಸರ್ಕಾರಿ ನೌಕರರಾಗಿ ಬಂದರು. ಊರಿನ ಲೆಕ್ಕ ಮನೆಯ ಅಟ್ಟದಿಂದ ಇಳಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಸೇರಿತು. 2000ದ ಹೊತ್ತಿಗೆ ಭೂಮಿ ಯೋಜನೆಯ ಅಡಿಯಲ್ಲಿ ಪಹಣಿಗಳು, ಅಂದರೆ ಜಮೀನಿನ ಒಡೆತನ, ಸಾಗುವಳಿ ಮತ್ತು ಬೆಳೆಯ ವಿವರವಿರುವ ದಾಖಲೆಗಳು, ಕಂಪ್ಯೂಟರಿಗೆ ಏರಿದವು. ಈ ಪ್ರಯೋಗ ಮೊದಲು ನಡೆದ ತಾಲ್ಲೂಕುಗಳ ಸಾಲಿನಲ್ಲಿ ಇದೇ ಜಿಲ್ಲೆಯ ಮದ್ದೂರು ಮುಂಚೂಣಿಯಲ್ಲಿತ್ತು. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಪ್ರತಿ ಜಿಲ್ಲೆಯ ಒಂದೊಂದು ತಾಲ್ಲೂಕಿನಿಂದ ಆರಂಭವಾಯಿತು. ಹೀಗೆ ಸರ್ಕಾರದ ದಾಖಲೆಗೆ ಎರಡನೆಯ ಪ್ರತಿ ಒದಗತೊಡಗಿದ ಕಾಲದಲ್ಲೇ ಮನೆಯ ದಾಖಲೆಗಳೆಲ್ಲ ಒಂದೇ ಫೋನಿನೊಳಗೆ ಸೇರಿಕೊಂಡವು ಎಂಬುದು ನಮ್ಮ ಕಾಲದ ವೈಪರೀತ್ಯ. ಹಿಂದೆ ಟ್ರಂಕಿನಲ್ಲಿದ್ದ ಕಾಗದ, ಗೋಡೆಯ ಮೇಲಿದ್ದ ಪಟ, ಕಿಸೆಯಲ್ಲಿದ್ದ ನಂಬರಿನ ಡೈರಿ ಬೇರೆಬೇರೆ ಜಾಗಗಳಲ್ಲಿದ್ದು, ಒಂದು ಹೋದರೆ ಮತ್ತೊಂದು ಉಳಿಯುತ್ತಿತ್ತು.

ಫೋನು ಡೆಡ್ ಆಗಿದೆ ಎಂದು ಅಂಗಡಿಗೆ ತಂದುಕೊಟ್ಟಾಗ ಅದರ ಅರ್ಥ ಪ್ರತಿ ಸಲವೂ ಒಂದೇ ಆಗಿರುವುದಿಲ್ಲ. ಬ್ಯಾಟರಿ ಪೂರ್ತಿ ಇಳಿದು ಚಾರ್ಜ್ ಹಿಡಿಯದಿರಬಹುದು, ಚಾರ್ಜಿಂಗ್ ಪಿನ್ನಿನಲ್ಲಿ ಧೂಳು ತುಂಬಿರಬಹುದು, ಡಿಸ್‌ಪ್ಲೇ ಮಾತ್ರ ಹೋಗಿ ಒಳಗೆ ಫೋನು ನಡೆಯುತ್ತಿರಬಹುದು, ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡಿರಬಹುದು, ಅಥವಾ ಮುಖ್ಯ ಬೋರ್ಡೇ ಸುಟ್ಟಿರಬಹುದು. ಪವರ್ ಗುಂಡಿಯನ್ನು, ಕೆಲವು ಮಾದರಿಗಳಲ್ಲಿ ವಾಲ್ಯೂಮ್ ಗುಂಡಿಯ ಜೊತೆಗೆ, ಒತ್ತಿ ಹಿಡಿದರೆ ಸಿಕ್ಕಿಕೊಂಡ ಫೋನು ಮರಳಿ ಶುರುವಾಗುವುದುಂಟು. ಡಿಸ್‌ಪ್ಲೇ ಬದಲಿಸಿದರೆ ಒಳಗಿನದೆಲ್ಲ ಇದ್ದಂತೆಯೇ ದೊರೆಯುವುದುಂಟು. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡುವ ರೂಢಿ ವ್ಯಾಪಕವಾಗಿದ್ದರೂ, ಅಕ್ಕಿಯ ಸಣ್ಣ ಕಣಗಳು ಒಳಹೊಕ್ಕು ಹಾನಿಮಾಡಬಹುದೆಂದು ಆಪಲ್ ಕಂಪನಿಯೇ ಎಚ್ಚರಿಸಿದೆ. ಒದ್ದೆಯಾದ ಫೋನಿಗೆ ಚಾರ್ಜರ್ ಹಾಕದೆ, ಆರಿಸಿಟ್ಟು, ಬೇಗ ಬಿಚ್ಚಿಸಿ ಒಣಗಿಸುವುದು ಸರಿಯಾದ ದಾರಿ. ಅಂಗಡಿಗಳಲ್ಲಿ ಫ್ಲ್ಯಾಶ್ ಮಾಡುವುದು ಅಥವಾ ಸಾಫ್ಟ್‌ವೇರ್ ಹಾಕುವುದು ಎಂದು ಕರೆಯುವ ಉಪಾಯದಿಂದ ಫೋನು ಏಳಬಹುದಾದರೂ ಅನೇಕ ವೇಳೆ ಒಳಗಿನ ಮಾಹಿತಿ ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದ ಫೋನು ಬೇಕೋ ಅದರೊಳಗಿನದು ಬೇಕೋ ಎಂಬುದನ್ನು ಕೊಡುವ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಮುಖ್ಯ ಬೋರ್ಡು ಸುಟ್ಟಾಗ ಕುಶಲಕರ್ಮಿಯ ಕೈಗೂ ಒಂದು ಮಿತಿ ಎದುರಾಗುತ್ತದೆ. ಫೋನಿನ ಸಂಗ್ರಹವು ಬೋರ್ಡಿಗೆ ಬೆಸೆದ ಒಂದು ಚಿಪ್ಪು. ಹಿಂದೆ ಆ ಚಿಪ್ಪನ್ನು ಕಿತ್ತು ಬೇರೆ ಯಂತ್ರದಲ್ಲಿ ಓದುವ ವಿಧಾನ ಫಲ ಕೊಡುತ್ತಿತ್ತು. ಆದರೆ 2014ರಲ್ಲಿ ಐಫೋನಿನ ಐಒಎಸ್ 8, 2015ರಲ್ಲಿ ಆಂಡ್ರಾಯ್ಡ್ 6 ಬಂದಂದಿನಿಂದ ಸಂಗ್ರಹದಲ್ಲಿರುವುದನ್ನು ಗೂಢಲಿಪಿಗೆ ಪರಿವರ್ತಿಸಿ ಇಡುವ ಪದ್ಧತಿ ಹೊಸ ಫೋನುಗಳಲ್ಲಿ ಕ್ರಮೇಣ ಸಾರ್ವತ್ರಿಕವಾಯಿತು. ಗೂಢಲಿಪಿಯೆಂದರೆ ಕೀಲಿಯಿಲ್ಲದವರಿಗೆ ಅರ್ಥಹೀನವಾಗಿ ತೋರುವಂತೆ ಮಾಹಿತಿಯನ್ನು ಕಲಸಿಡುವುದು. ಆ ಕೀಲಿ ಫೋನಿನ ಪ್ರೊಸೆಸರಿನೊಳಗೂ ಬಳಕೆದಾರರ ಪಿನ್ ಅಥವಾ ಪ್ಯಾಟರ್ನಿನೊಳಗೂ ಹಂಚಿಕೊಂಡಿರುತ್ತದೆ. ಚಿಪ್ಪನ್ನು ಕಿತ್ತರೆ ಕೀಲಿ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಇಂದಿನ ಫೋನಿನಿಂದ ಮಾಹಿತಿ ತೆಗೆಯಬೇಕಾದರೆ ಅದೇ ಬೋರ್ಡು, ಅದೇ ಪ್ರೊಸೆಸರು, ಅದೇ ಚಿಪ್ಪು ಸ್ವಲ್ಪ ಹೊತ್ತಾದರೂ ಜೊತೆಯಾಗಿ ಜೀವ ಹಿಡಿಯಬೇಕು. ಗೂಢಲಿಪಿಗೆ ಒಳಪಡಿಸದೆ ಬಳಸಿದ ಮೆಮೊರಿ ಕಾರ್ಡು ಮಾತ್ರ ಇದಕ್ಕೆ ಹೊರತು. ಅದನ್ನು ಬೇರೆ ಫೋನಿಗೆ ಹಾಕಿ ಓದಬಹುದು. ಕಳ್ಳರಿಂದ ಕಾಪಾಡುವ ಈ ವ್ಯವಸ್ಥೆ ಒಡೆಯರನ್ನೂ ಅಷ್ಟೇ ಕಟ್ಟುನಿಟ್ಟಾಗಿ ಹೊರಗಿಡುವುದರಿಂದ ಬ್ಯಾಕಪ್ಪಿನ, ಅಂದರೆ ಬೇರೆಡೆ ಮಾಡಿಟ್ಟ ಪ್ರತಿಯ, ಮಹತ್ವ ಹಿಂದಿಗಿಂತ ಹೆಚ್ಚಾಗಿದೆ.

ಬ್ಯಾಕಪ್ ಇದೆ ಎಂಬ ನಂಬಿಕೆಗೂ ಬ್ಯಾಕಪ್ಪಿಗೂ ಅಂತರವಿದೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಚಿತ್ರ ಉಳಿಸುವ ಉಚಿತ ಸೌಲಭ್ಯ 2021ರ ಜೂನ್ 1ಕ್ಕೆ ನಿಂತು, 15 ಜಿಬಿ ತುಂಬಿದ ಖಾತೆಗಳಲ್ಲಿ ಹೊಸ ಚಿತ್ರಗಳು ಸೇರುವುದು ನಿಂತಿರುತ್ತದೆ. ಫೋನು ಮತ್ತು ಖಾತೆಯನ್ನು ಸದಾ ಒಂದೇ ಸ್ಥಿತಿಯಲ್ಲಿಡುವ ಸಿಂಕ್ ವ್ಯವಸ್ಥೆಯಲ್ಲಿ ಒಂದು ಕಡೆ ಅಳಿಸಿದ ಚಿತ್ರ ಇನ್ನೊಂದು ಕಡೆಯೂ ಅಳಿಯುತ್ತದೆ. ಅದು ಎರಡು ಕಡೆ ಕಾಣುವ ಒಂದೇ ಪ್ರತಿ. 2021ರಿಂದ ವಾಟ್ಸ್ಆಪ್ ತನ್ನ ಬ್ಯಾಕಪ್ಪಿಗೂ ಗೂಢಲಿಪಿಯ ಆಯ್ಕೆ ನೀಡಿದ್ದು, ಅದನ್ನು ಆರಿಸಿಕೊಂಡವರು ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿಯನ್ನು ಕಳೆದುಕೊಂಡರೆ, ಫೋನೂ ಕೈಬಿಟ್ಟಿದ್ದರೆ, ಆ ಪ್ರತಿಯನ್ನು ತೆರೆಯುವ ದಾರಿಯಿಲ್ಲ. ಜಾಗ ಹೇಳದೆ ತೀರಿಕೊಂಡವರು ಹೂತಿಟ್ಟ ತಾಮ್ರಶಾಸನದ ಗತಿಯೇ ಅದಕ್ಕೂ ಒದಗುತ್ತದೆ.

ಮೂರು ಪ್ರತಿ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿರಲಿ, ಒಂದಾದರೂ ಬೇರೆ ಸ್ಥಳದಲ್ಲಿರಲಿ ಎಂಬ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋ ಈ ಶತಮಾನದ ಮೊದಲ ದಶಕದಲ್ಲಿ ಪ್ರಚಾರಕ್ಕೆ ತಂದರು. ಈ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಆ ಸೂತ್ರದ ಒಂದೊಂದು ಮಾತಿಗೂ ಒಂದೊಂದು ಊರಿನ ಸಾಕ್ಷ್ಯ ಸಿಗುತ್ತದೆ. ಬುಕ್ಕರಾಯನ ತೀರ್ಪು ಹಲವು ಬಸದಿಗಳಿಗೆ ಹೋದದ್ದರಿಂದ ಉಳಿಯಿತು. ಕಲ್ಲಿನ ಬರಹ ಕಾಗದಕ್ಕೂ ಅಚ್ಚಿಗೂ ಇಳಿದದ್ದರಿಂದ ಉಳಿಯಿತು. ಕೋಟೆಯ ಭಂಡಾರದಿಂದ ಇಂದು ತಿಳಿದಿರುವುದು ಕೋಟೆಯ ಹೊರಗೆ ಹೋದದ್ದರಿಂದ ತಿಳಿದಿದೆ. ಇದಕ್ಕೆ ಈ ಚರಿತ್ರೆ ಇನ್ನೆರಡು ಮಾತುಗಳನ್ನು ಸೇರಿಸುತ್ತದೆ. ಪ್ರತಿಯ ಕೀಲಿ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತಿಳಿದಿರಬೇಕು. ಮತ್ತು ಪರಿಷ್ಕೃತ ಸಂಪುಟದ ಸಂಪಾದಕರು ಊರೂರಿಗೆ ಹೋಗಿ ತಾಳೆ ನೋಡಿದಂತೆ, ಪ್ರತಿಯನ್ನು ಆಗಾಗ ತೆರೆದು ಓದಿ ನೋಡಬೇಕು.

ಇಂಥ ಪದ್ಧತಿಗೆ ಹೆಚ್ಚಿನ ಖರ್ಚಿಲ್ಲ. ಮುಖ್ಯವಾದ ಚಿತ್ರಗಳನ್ನು ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕಿಗೆ ಇಳಿಸಿ ಬೇರೆ ಊರಿನ ಬಂಧುಗಳ ಮನೆಯಲ್ಲಿ ಇಡಬಹುದು. ಹಿರಿಯರ ಪಟಗಳನ್ನು ಅಚ್ಚುಹಾಕಿಸಬಹುದು. ಪಹಣಿ, ಪ್ರಮಾಣಪತ್ರಗಳ ಕಾಗದದ ನಕಲನ್ನು ಫೈಲಿನಲ್ಲಿ ಕಾಪಾಡಬಹುದು. ಖಾತೆಯ ಪಾಸ್‌ವರ್ಡನ್ನು ಬರೆದು ಭದ್ರವಾದ ಕಡೆ ಇರಿಸಿ ಮನೆಯ ಇನ್ನೊಬ್ಬರಿಗೆ ತಿಳಿಸಬಹುದು. ರೈಸ್ ಮತ್ತು ಅವರ ಸಹಾಯಕರು, ಟಿಪ್ಪುವಿನ ಮುನ್ಷಿಗಳು, ಮೇಲುಕೋಟೆಯ ಲಿಪಿಕಾರರು ತಮ್ಮ ಕಾಲದಲ್ಲಿ ಮಾಡಿದ್ದು ಇದನ್ನೇ. ಅವರು ಪ್ರತಿ ಮಾಡಿದ್ದು ಮೂಲ ಇನ್ನೂ ಓದಲು ಬರುತ್ತಿದ್ದ ದಿನಗಳಲ್ಲಿ. ನಾಲ್ಕು ತಾಲ್ಲೂಕುಗಳ ಸಾಮಾನ್ಯ ಕುಟುಂಬಗಳ ಚರಿತ್ರೆ ಮೊದಲ ಬಾರಿಗೆ ಇಷ್ಟು ಸಮೃದ್ಧವಾಗಿ ಚಿತ್ರದಲ್ಲೂ ಧ್ವನಿಯಲ್ಲೂ ದಾಖಲಾಗುತ್ತಿರುವಾಗ, ಅದು ಮುಂದಿನ ಚರಿತ್ರಕಾರರಿಗೆ ತಲುಪುವುದೂ ತಲುಪದಿರುವುದೂ ಫೋನು ಸರಿಯಾಗಿ ನಡೆಯುತ್ತಿರುವ ಈ ದಿನಗಳಲ್ಲಿ ಪ್ರತಿ ಮಾಡಿಡುವವರ ಕೈಯಲ್ಲಿದೆ.